ವಾಟೆ ಬಿದಿರಿನ ಲೇಖನಿ: ಆರು ಕಡ್ಡಿಗಳ ಕೆತ್ತನೆ

ಮಸಿಯಲ್ಲಿ ಅದ್ದಿ ಬರೆಯುವ ಲೇಖನಿಗಾಗಿ ಈ ಸುತ್ತಿನಲ್ಲಿ ಕೆತ್ತಿದ್ದು ಆರು ಕಡ್ಡಿ. ಮೂರು ವಾಟೆ ಬಿದಿರಿನವು, ಎರಡು ಲಾಳದ (ಜೊಂಡಿನ ಜಾತಿಯ) ಕಡ್ಡಿ, ಒಂದು ಹೆಬ್ಬಿದಿರಿನ ಸೀಳು. ನಾಲ್ಕು ಚೆನ್ನಾಗಿ ಬರೆಯುತ್ತಿವೆ. ಒಂದು ಲಾಳದ ಕಡ್ಡಿಯಲ್ಲಿ ಮೊನೆಗೆ ಹಾಕಿದ ಸೀಳು ಬುಡದವರೆಗೂ ಓಡಿತು. ಹೆಬ್ಬಿದಿರಿನದು ಅರ್ಧ ಪುಟ ಬರೆಯುವಷ್ಟರಲ್ಲಿ ಕುಂಚದಂತೆ ಮೆತ್ತಗಾಯಿತು. ಮೆತ್ತಗಾದ ಕಡ್ಡಿಯ ಕಾರಣವನ್ನೇ ಮೊದಲು ಹೇಳಬೇಕು, ಏಕೆಂದರೆ ಉಳಿದ ಕೆಲಸವೆಲ್ಲ ಅದರ ಮೇಲೇ ನಿಂತಿದೆ.

ಬಿದಿರನ್ನು ಅಡ್ಡಕ್ಕೆ ಕೊಯ್ದು ಭೂತಗನ್ನಡಿ ಹಿಡಿದು ನೋಡಿ. ಕೊಯ್ದ ಮುಖದ ತುಂಬ ಕಂದು ಚುಕ್ಕೆಗಳು ಕಾಣುತ್ತವೆ. ಪ್ರತಿ ಚುಕ್ಕೆಯೂ ಒಂದು ನಾರಿನ ಕಂತೆ. ಹೊರಸಿಪ್ಪೆಯ ಹತ್ತಿರ ಚುಕ್ಕೆಗಳು ಎಳ್ಳು ಒತ್ತೊತ್ತಾಗಿ ಅಂಟಿಸಿದಂತೆ ಕಿಕ್ಕಿರಿದಿರುತ್ತವೆ, ಒಳಕ್ಕೆ ಬಂದಷ್ಟೂ ವಿರಳವಾಗುತ್ತವೆ, ಪೊಳ್ಳಿನ ಹತ್ತಿರ ಬಹುಪಾಲು ಬರೀ ಬೆಂಡು. ಬೆಂಡು ಮಸಿ ಹೀರಿ ಊದಿಕೊಳ್ಳುತ್ತದೆ. ನಾರು ಹೀರುವುದು ಕಡಿಮೆ, ಸವೆಯುವುದೂ ನಿಧಾನ. ಎಲ್ಲಕ್ಕಿಂತ ಹೊರಗಿನ ಹೊಳಪು ಪದರದಲ್ಲಿ ಸಿಲಿಕಾ ಇರುವುದರಿಂದ ಚಾಕು ಮೊಂಡಾಗುವುದೂ ಅಲ್ಲೇ, ಮೊನೆ ಬಾಳುವುದೂ ಅಲ್ಲೇ. ಹಾಗಾಗಿ ಕೆತ್ತನೆಯೆಲ್ಲ ಒಳಗಿನಿಂದ, ಮೊನೆ ಮಾತ್ರ ಹೊರಸಿಪ್ಪೆಯದು. ಹೆಬ್ಬಿದಿರಿನ ಸೀಳನ್ನು ಪೆನ್ಸಿಲಿನಂತೆ ಸುತ್ತಲೂ ಹೆರೆದಿದ್ದೆವು. ಸಿಪ್ಪೆ ಪೂರ್ತಿ ಹೋಗಿ ಬೆಂಡೇ ಮೊನೆಯಾಗಿತ್ತು.

ಯಾವ ಕಡ್ಡಿ

ಮಲೆನಾಡಿನ ಕಡೆ ವಾಟೆ ಅಥವಾ ಓಟೆ ಎನ್ನುವ ತೆಳುಗೋಡೆಯ ಸಣ್ಣ ಬಿದಿರು ಈ ಕೆಲಸಕ್ಕೆ ಬಹಳ ಒಳ್ಳೆಯದು. ಬೆರಳಿಗಿಂತ ಸಣ್ಣ, ಹೊರಗಿನ ಅಡ್ಡಳತೆ 8ರಿಂದ 10 ಮಿಲಿಮೀಟರ್, ಗೋಡೆಯ ದಪ್ಪ ಒಂದೂವರೆ ಮಿಲಿಮೀಟರಿನ ಆಸುಪಾಸು ಇರುವಂಥದ್ದನ್ನು ಆರಿಸಿ. ಗೆಣ್ಣಿನಿಂದ ಗೆಣ್ಣಿಗೆ 18 ಸೆಂಟಿಮೀಟರಾದರೂ ಇರಬೇಕು. ಗೆಣ್ಣಿನ ಹತ್ತಿರ ನಾರು ಸುತ್ತಿಕೊಂಡು ಅಡ್ಡಾದಿಡ್ಡಿ ಹೋಗಿರುತ್ತದೆ, ಆದ್ದರಿಂದ ಅಲ್ಲಿ ಮೊನೆ ಮಾಡಿದರೆ ಸೀಳು ನೆಟ್ಟಗೆ ಬರುವುದಿಲ್ಲ. ಹಿಡಿಯುವ ತುದಿಯಲ್ಲಿ ಒಂದು ಗೆಣ್ಣು ಉಳಿಸಿಕೊಂಡರೆ ಕಡ್ಡಿಗೆ ಬಲ ಬರುತ್ತದೆ.

ಲಾಳದ ಕಡ್ಡಿ ಕೆರೆಯಂಚಿನಲ್ಲಿ, ಹಳ್ಳದ ದಡದಲ್ಲಿ ಎತ್ತರಕ್ಕೆ ಬೆಳೆಯುವ ಜೊಂಡಿನ ಜಾತಿಯದು. ಹಿಂದಿನ ತಲೆಮಾರಿನವರು ಮಸಿ ಕುಡಿಕೆಯಲ್ಲಿ ಅದ್ದಿ ಬರೆಯುತ್ತಿದ್ದದ್ದು ಇದರಲ್ಲೇ. ಬಿದಿರಿಗಿಂತ ಹಗುರ, ಕೆತ್ತಲು ಸುಲಭ, ಮೊನೆ ಬೇಗ ಸವೆಯುತ್ತದೆ. ಮೊದಲ ಸಲ ಚಾಕು ಹಿಡಿಯುವವರು ಇದರಿಂದ ಶುರು ಮಾಡಲಿ. ಕೈ ಪಳಗಿದ ಮೇಲೆ ವಾಟೆ.

ಎಳೆಯದನ್ನು ಮುಟ್ಟಬೇಡಿ. ಎಳೆ ಕಡ್ಡಿ ಒಣಗುವಾಗ ಸುಕ್ಕುಗಟ್ಟುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು, ಮೇಜಿನ ಮೇಲೆ ಬೀಳಿಸಿದರೆ ಟಣ್ ಎನ್ನಬೇಕು. ಕಾಡಿಗೆ ಹೋಗಿ ಕಡಿಯುವ ಅಗತ್ಯವೂ ಇಲ್ಲ. ಬುಟ್ಟಿ, ಮೊರ ಹೆಣೆಯುವ ಮೇದಾರರ ಹತ್ತಿರ ತುಂಡುಗಳು ಸಿಗುತ್ತವೆ, ಬಲಿತದ್ದು ಯಾವುದು ಎಂದು ಕೇಳಿದರೆ ಅವರು ಬೆರಳಿನಿಂದ ತಟ್ಟಿಯೇ ಹೇಳುತ್ತಾರೆ. ಆ ಮಾತಿಗೆ ಯಾವ ಪುಸ್ತಕವೂ ಸಮವಲ್ಲ.

ಹದ ಮಾಡುವುದು

ಹಸಿ ಬಿದಿರಿನಲ್ಲಿ ಹಿಟ್ಟಿನಂಶ ಇರುತ್ತದೆ, ಕುಟ್ಟೆ ಹುಳ ಬರುವುದು ಅದಕ್ಕೇ. ಸಣ್ಣ ತುಂಡುಗಳಾದ್ದರಿಂದ ಕುದಿಸಿಬಿಡುವುದು ಸುಲಭ. ಕಡ್ಡಿಗಳನ್ನು 20 ಸೆಂಟಿಮೀಟರ್ ಉದ್ದಕ್ಕೆ ಗರಗಸದ ಬ್ಲೇಡಿನಿಂದ ಕೊಯ್ದು, ಎರಡು ಲೀಟರ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡ ಹಾಕಿ 30ರಿಂದ 40 ನಿಮಿಷ ಕುದಿಸಿ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ತೆಗೆದು ತೊಳೆದು ನೆರಳಲ್ಲಿ ಎಂಟು ಹತ್ತು ದಿನ ಒಣಗಿಸಿ. ಬಿಸಿಲಿಗೆ ಇಟ್ಟರೆ ಹೊರಗೋಡೆ ಮೊದಲು ಒಣಗಿ ಉದ್ದಕ್ಕೂ ಬಿರಿಯುತ್ತದೆ.

ಬರೆಯುವ ತುದಿಯನ್ನು ಬಿಸಿ ಮರಳಿನಲ್ಲಿ ಇನ್ನಷ್ಟು ಗಟ್ಟಿ ಮಾಡಬಹುದು. ಬಾಣಲೆಯಲ್ಲಿ ನಾಲ್ಕು ಬೆರಳು ಎತ್ತರ ಜರಡಿ ಹಿಡಿದ ಮರಳು ಕಾಯಿಸಿ. ಮಂಡಕ್ಕಿ ಹುರಿಯುವಷ್ಟು ಬಿಸಿ ಬೇಡ. ಮರಳಿನಲ್ಲಿ ಬಿಳಿ ಕಾಗದದ ಚೂರು ಒಂದು ನಿಮಿಷ ಹೂತಿಟ್ಟು ತೆಗೆಯಿರಿ. ಕಂದಾಗಿದ್ದರೆ ಉರಿ ಇಳಿಸಿ. ಕಡ್ಡಿಯ ತುದಿಯ 4 ಸೆಂಟಿಮೀಟರ್ ಭಾಗ ಮುಳುಗುವಂತೆ ನೆಟ್ಟು, ತಿರುಗಿಸುತ್ತಾ ಐದು ನಿಮಿಷ. ಸಿಪ್ಪೆ ತಿಳಿ ಜೇನಿನ ಬಣ್ಣಕ್ಕೆ ಬಂದಾಗ ತೆಗೆಯಬೇಕು. ಅದಕ್ಕಿಂತ ಕಪ್ಪಾದರೆ ನಾರು ಪೆಡಸಾಗಿ ಕೆತ್ತುವಾಗ ಚೂರಾಗುತ್ತದೆ. ಲಾಳಕ್ಕೆ ಈ ಹಂತ ಬೇಡ.

ಕೆತ್ತನೆ

ಬೇಕಾದದ್ದು: 18 ಮಿಲಿಮೀಟರಿನ ಹೊಸ ಕಟರ್ ಬ್ಲೇಡು ಅಥವಾ ಚೆನ್ನಾಗಿ ಸಾಣೆ ಹಿಡಿದ ಸಣ್ಣ ಚಾಕು, ಒಂದು ದಬ್ಬಣ, 400 ಮತ್ತು 800 ನಂಬರಿನ ಉಪ್ಪುಕಾಗದ, ಕೊನೆಯ ಕೊಯ್ತಕ್ಕೆ ಗಟ್ಟಿ ಮಣೆ. ಪರ್ಷಿಯನ್ ಮತ್ತು ಅರಬಿ ಬರವಣಿಗೆಯ ಕಲಮುಗಾರರು ಇದಕ್ಕೆಂದೇ ಮೂಳೆಯ ಅಥವಾ ದಂತದ ಪಟ್ಟಿ ಇಟ್ಟುಕೊಳ್ಳುತ್ತಿದ್ದರು, ಕಡ್ಡಿ ಜಾರದಂತೆ ಅದರಲ್ಲೊಂದು ತಗ್ಗು. ನಮಗೆ ಹುಣಸೆ ಮರದ ಒಂದು ತುಂಡು ಸಾಕು. ಮೆತ್ತನೆ ಹಲಗೆಯಾದರೆ ಬ್ಲೇಡು ಹಲಗೆಯೊಳಗೆ ಇಳಿದು ಮೊನೆಯ ಅಂಚು ಸಿಬಿರಾಗುತ್ತದೆ.

ಕೆತ್ತುವ ಹಿಂದಿನ ದಿನ ಒಂದು ಗಂಟೆ ತುದಿಯನ್ನು ನೀರಿನಲ್ಲಿ ಅದ್ದಿಟ್ಟು ಒರೆಸಿಡಿ. ಒಣ ಬಿದಿರು ಚಾಕುವಿಗೆ ಪುಡಿಯಾಗುತ್ತದೆ, ತೇವ ಇದ್ದರೆ ಸುರುಳಿಯಾಗಿ ಏಳುತ್ತದೆ.

ಮೊದಲ ಕೊಯ್ತ ಉದ್ದನೆಯದು. ತುದಿಯಿಂದ 30 ಮಿಲಿಮೀಟರ್ ಹಿಂದೆ ಚಾಕು ಇಟ್ಟು, ಮೈಯಿಂದ ಆಚೆಗೆ ತಳ್ಳುತ್ತಾ, ಓರೆಯಾಗಿ ಇಳಿಸಿ. ಒಂದೇ ಏಟಿಗೆ ಬೇಡ. ಆರೇಳು ತೆಳು ಪದರಗಳಲ್ಲಿ ಕೊಳವೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಹೋಗಬೇಕು. ಈಗ ಉಳಿದದ್ದು ದೋಣಿಯಂತೆ ಒಂದು ತಗ್ಗು, ಕೆಳಗೆ ಹೊರಸಿಪ್ಪೆ.

ತಗ್ಗಿನೊಳಗೆ ಬಿಳಿ ಕಾಗದದಂಥ ಪೊರೆ ಇರುತ್ತದೆ. ಇದನ್ನು ಬಿಟ್ಟರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಮಸಿ ಗುಂಡುಗುಂಡಾಗಿ ನಿಲ್ಲುತ್ತದೆ, ಮೊನೆಗೆ ಇಳಿಯುವುದೇ ಇಲ್ಲ. ಬರೆಯುವಾಗ ಗೆರೆ ತುಂಡಾಗುತ್ತಿದ್ದರೆ ಹೆಚ್ಚಿನ ಸಲ ದೋಷ ಮಸಿಯದಲ್ಲ, ಈ ಪೊರೆಯದು. ಚಾಕುವಿನ ತುದಿಯಿಂದ ಪೂರ್ತಿ ಹೆರೆದು, ಒದ್ದೆ ಬಟ್ಟೆಗೆ ಒಲೆಯ ಬೂದಿ ಹಚ್ಚಿ ತಿಕ್ಕಿ.

ಎರಡನೆಯದು ಹೆಗಲು. ಮೊನೆಯಿಂದ 12 ಮಿಲಿಮೀಟರ್ ಹಿಂದಿನಿಂದ ಎರಡೂ ಪಕ್ಕವನ್ನು ಒಳಬಾಗಿನಲ್ಲಿ ಕೆತ್ತುತ್ತಾ ಬನ್ನಿ, ತುದಿಯಲ್ಲಿ 2 ಮಿಲಿಮೀಟರ್ ಅಗಲ ಉಳಿಯಲಿ. ಎಡ ಎರಡು ಪದರ, ಬಲ ಎರಡು ಪದರ, ಹೀಗೆ ಸರದಿಯಲ್ಲಿ ಕೆತ್ತಿದರೆ ಮೊನೆ ನಡುವಿನಲ್ಲೇ ಉಳಿಯುತ್ತದೆ. ಒಂದು ಪಕ್ಕ ಮುಗಿಸಿ ಇನ್ನೊಂದಕ್ಕೆ ಹೋದರೆ ಓರೆಯಾಗುವುದು ಖಂಡಿತ.

ಆಮೇಲೆ ಸೀಳು. ಓಡಿಹೋದ ಲಾಳದ ಕಡ್ಡಿ ಹಾಳಾದದ್ದು ಇಲ್ಲಿ. ಬಿದಿರು, ಲಾಳ ಎರಡೂ ನಾರಿನ ಜೊತೆಗೇ ಸೀಳುವ ಜಾತಿ. ಒಮ್ಮೆ ಬಾಯಿ ಬಿಟ್ಟರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಿಳಿಯದು. ಆದ್ದರಿಂದ ನಿಲ್ಲುವ ಜಾಗವನ್ನು ಮೊದಲೇ ಮಾಡಿಡಬೇಕು. ದಬ್ಬಣವನ್ನು ಕೆಂಪಗೆ ಕಾಯಿಸಿ, ಮೊನೆಯಿಂದ 10 ಮಿಲಿಮೀಟರ್ ಹಿಂದೆ, ಸರಿಯಾಗಿ ನಡುವೆ, 1 ಮಿಲಿಮೀಟರಿನ ತೂತು ಸುಡಿ. ಸುಟ್ಟ ತೂತಿನ ಅಂಚು ಗುಂಡಗಿರುತ್ತದೆ, ಸೀಳು ಅಲ್ಲಿಗೆ ಬಂದು ನಿಲ್ಲುತ್ತದೆ. ಈಗ ಮಣೆಯ ಮೇಲೆ ಕಡ್ಡಿಯನ್ನು ಬೆನ್ನು, ಅಂದರೆ ಹೊರಸಿಪ್ಪೆಯ ಬದಿ, ಕೆಳಗಾಗಿ ಇಟ್ಟು, ಮೊನೆಯ ನಡುವಿಗೆ ಬ್ಲೇಡಿನ ಮೂಲೆ ಒತ್ತಿ ಎರಡು ಮಿಲಿಮೀಟರ್ ಇಳಿಸಿ. ಬ್ಲೇಡನ್ನು ಮುಂದಕ್ಕೆ ಎಳೆಯಬೇಡಿ. ಅಲ್ಲೇ ಕೂದಲೆಳೆಯಷ್ಟು ತಿರುವಿ. ಟಕ್ ಎಂದು ಸಣ್ಣ ಸದ್ದಾಗಿ ಸೀಳು ತೂತನ್ನು ಮುಟ್ಟುತ್ತದೆ. ಎಡಗೈ ಹೆಬ್ಬೆರಳು ತೂತಿನ ಮೇಲೆ ಒತ್ತಿಕೊಂಡೇ ಇರಲಿ.

ಸೀಳು ಒಂದು ಬದಿಗೆ ವಾಲಿತೋ, ಸರಿ ಮಾಡಲು ಹೋಗಬೇಡಿ. 12 ಮಿಲಿಮೀಟರ್ ಕೊಯ್ದು ಬಿಸಾಡಿ ಮತ್ತೆ ಶುರು ಮಾಡುವುದೇ ಬೇಗ. 20 ಸೆಂಟಿಮೀಟರ್ ಉದ್ದ ಇಟ್ಟುಕೊಂಡದ್ದು ಇದಕ್ಕೇ.

ಇನ್ನು ಮೊನೆಯನ್ನು ತೆಳುವಾಗಿಸುವುದು. ಒಳಭಾಗದಿಂದ ಮಾತ್ರ ಹೆರೆಯುತ್ತಾ ಕೊನೆಯ 4 ಮಿಲಿಮೀಟರನ್ನು ಅರ್ಧ ಮಿಲಿಮೀಟರ್ ದಪ್ಪಕ್ಕೆ ತನ್ನಿ. ಬೆಳಕಿಗೆ ಹಿಡಿದರೆ ತುದಿಯಲ್ಲಿ ಬೆಳಕು ಜೇನುಬಣ್ಣದಲ್ಲಿ ಹಾಯ್ದು ಕಾಣಬೇಕು. ಬಿಳಿ ಬೆಂಡು ಕಂಡರೆ ಇನ್ನೂ ಹೆರೆಯಬೇಕು. ಬೆನ್ನಿನ ಹೊಳಪನ್ನು ಚಾಕುವಿನಿಂದ ಮುಟ್ಟಲೇಬಾರದು.

ಕೊನೆಯ ಕೊಯ್ತವೇ ಅಕ್ಷರದ ಅಂಚನ್ನು ತೀರ್ಮಾನಿಸುತ್ತದೆ. ಬೆನ್ನು ಮಣೆಗೆ ತಾಗಿರಲಿ, ತಗ್ಗು ಮೇಲಿರಲಿ. ಬ್ಲೇಡನ್ನು ನೇರ ನಿಲ್ಲಿಸದೆ, ಅದರ ಮೇಲಂಚನ್ನು ಹಿಡಿಕೆಯ ಕಡೆಗೆ 20 ಡಿಗ್ರಿಯಷ್ಟು ವಾಲಿಸಿ, ಒಂದೇ ಒತ್ತಿಗೆ ಕತ್ತರಿಸಿ. ಹೀಗೆ ಮಾಡಿದರೆ ಸಿಪ್ಪೆಯ ಅಂಚು ಕೂದಲಿನಷ್ಟು ಮುಂದೆ ಉಳಿಯುತ್ತದೆ, ಬರೆಯುವಾಗ ಕಾಗದ ಮುಟ್ಟುವುದು ಅದೇ. ನೇರವಾಗಿ ಕೊಯ್ದರೆ, ಕೈಯಲ್ಲಿ ಓರೆ ಹಿಡಿದಾಗ ಒಳಗಿನ ಮೆತ್ತನೆ ಅಂಚು ಮೊದಲು ಕಾಗದಕ್ಕೆ ತಾಗುತ್ತದೆ.

ಕನ್ನಡದ ಅಕ್ಷರಕ್ಕೆ ಮೊನೆ

ಅಗಲ ಮೊನೆಯ ಲೇಖನಿ ಎಳೆಯುವುದಕ್ಕೆ ಹುಟ್ಟಿದ್ದು, ತಳ್ಳುವುದಕ್ಕಲ್ಲ. ನಮ್ಮ ಅಕ್ಷರ ಬೆಳೆದದ್ದು ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ, ಅಂದರೆ ಚೂಪು ಮೊನೆಯ ಕಡ್ಡಿಯಿಂದ, ಕೊರೆಯುವ ಕಾಲದಲ್ಲಿ. ಗರಿಯ ನಾರಿನ ಗುಂಟ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಹಾಗಾಗಿ ಎಲ್ಲವೂ ದುಂಡು. ರ ಬರೆಯುವಾಗ ಕೈ ಕೆಳಗಿಳಿದು, ಸುತ್ತಿ, ಮತ್ತೆ ಮೇಲೇರುತ್ತದೆ. ಆ ಮೇಲೇರುವ ಜಾಗದಲ್ಲೇ ಚೂಪು ಮೂಲೆಯ ಮೊನೆ ಕಾಗದಕ್ಕೆ ಸಿಕ್ಕಿ ಮಸಿ ಚಿಮ್ಮಿಸುವುದು.

ಪರಿಹಾರ ಸಣ್ಣದು. ಕೊನೆಯ ಕೊಯ್ತದ ಬಳಿಕ 800ರ ಉಪ್ಪುಕಾಗದದ ಮೇಲೆ ಒಣ ಮೊನೆಯಿಂದ ಸೊನ್ನೆಗಳನ್ನು ಬರೆಯಿರಿ, ಎಡಕ್ಕೆ ಹತ್ತು, ಬಲಕ್ಕೆ ಹತ್ತು. ಎರಡು ಮೂಲೆಗಳು ಮಾತ್ರ ತುಸು ಮೊಂಡಾಗುತ್ತವೆ, ನಡುವಿನ ಅಂಚು ಹರಿತವಾಗೇ ಇರುತ್ತದೆ. ಇಪ್ಪತ್ತಕ್ಕಿಂತ ಹೆಚ್ಚು ಸುತ್ತಿದರೆ ದಪ್ಪ ತೆಳುವಿನ ಅಂದ ಹೋಗಿ ಎಲ್ಲ ಗೆರೆಯೂ ಒಂದೇ ಆಗುತ್ತದೆ.

ಪರೀಕ್ಷೆಗೆ ನಾವು ಬರೆಯುವುದು ಠ. ರ ಬರೆದು ಹೊಟ್ಟೆಯಲ್ಲಿ ಒಂದು ಚುಕ್ಕೆ. ಆ ಚುಕ್ಕೆ ಚುಕ್ಕೆಯಾಗೇ ಉಳಿದು ಸುತ್ತ ಬಿಳಿ ಕಂಡರೆ ಮಸಿ ಇಳಿಯುವ ಪ್ರಮಾಣ ಸರಿ. ಹೊಟ್ಟೆ ತುಂಬಿಹೋದರೆ ಸೀಳು ಅಗಲವಾಗಿದೆ, ಇಲ್ಲವೇ ಮಸಿ ನೀರಾಗಿದೆ. ಎರಡನೆಯ ಪರೀಕ್ಷೆ ದ, ಧ ಪಕ್ಕಪಕ್ಕ ಬರೆಯುವುದು. ಮಹಾಪ್ರಾಣದ ಆ ಪುಟ್ಟ ಸೀಳುಗೆರೆ ಮಸಿಯಲ್ಲಿ ಮುಳುಗಿದರೆ ಧನ ಹೋಗಿ ದನ ಆಗುತ್ತದೆ. ಓದುವವರಿಗೆ ಇದು ಸಣ್ಣ ತೊಂದರೆಯಲ್ಲ.

ಅಕ್ಷರದ ಎತ್ತರ ಮೊನೆಯ ಅಗಲದ ಐದಾರು ಪಟ್ಟು ಇರಲಿ. 2 ಮಿಲಿಮೀಟರ್ ಮೊನೆಗೆ 10ರಿಂದ 12 ಮಿಲಿಮೀಟರ್ ಅಕ್ಷರ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿಗೂ ಸಾಲಿಗೂ 25 ಮಿಲಿಮೀಟರ್ ಬಿಡಬೇಕು. ನೋಟುಪುಸ್ತಕದ ಸಾಲಿನಲ್ಲಿ ಬರೆಯುವ ಆಸೆಯಿದ್ದರೆ ಮೊನೆ 1 ಮಿಲಿಮೀಟರಿಗೆ ಬರಬೇಕು, ಅದಕ್ಕೆ ವಾಟೆಯೇ ಆಗಬೇಕು.

ಮಸಿ ಹಿಡಿಸುವುದು

ಬರಿಯ ಕಡ್ಡಿ ಒಂದು ಅದ್ದಿಗೆ ಐದಾರು ಅಕ್ಷರ ಬರೆಯುತ್ತದೆ. ಅದೇ ಬಿದಿರಿನ 35 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ತೆಳು ಚಕ್ಕೆಯನ್ನು ತಗ್ಗಿನ ಮೇಲೆ ಇಟ್ಟು, ಜೇನುಮೇಣ ಸವರಿದ ಹತ್ತಿ ದಾರದಿಂದ ಹಿಂಬದಿಯಲ್ಲಿ ಬಿಗಿದರೆ ಹದಿನೈದು ಅಕ್ಷರಕ್ಕೂ ಹೆಚ್ಚು ಬರುತ್ತದೆ. ಚಕ್ಕೆಯ ತುದಿ ಮೊನೆಯಿಂದ 4 ಮಿಲಿಮೀಟರ್ ಹಿಂದೆಯೇ ನಿಲ್ಲಬೇಕು. ಹತ್ತಿರ ತಂದರೆ ಮೊದಲ ಅಕ್ಷರದಲ್ಲೇ ಮಸಿ ಸುರಿದುಹೋಗುತ್ತದೆ. ದೂರ ಸರಿಸಿದರೆ ಮಸಿ ಅಲ್ಲೇ ಕೂತಿರುತ್ತದೆ.

ಕುಡಿಕೆಯೊಳಗೆ ಬರೀ ಮಸಿ ಇರಬಾರದು. ಕಲಮಿನ ಬರಹಗಾರರು ದೌತಿಯಲ್ಲಿ ರೇಷ್ಮೆಯ ಎಳೆಗಳನ್ನು ತುಂಬುತ್ತಾರೆ, ಅದಕ್ಕೆ ಲೀಕಾ ಎನ್ನುತ್ತಾರೆ. ಕಡ್ಡಿ ಎಳೆಗಳಿಗೆ ತಾಗಿದಾಗ ಬೇಕಾದಷ್ಟೇ ಮಸಿ ಹತ್ತುತ್ತದೆ, ಮೊನೆ ಕುಡಿಕೆಯ ತಳಕ್ಕೆ ಬಡಿದು ಕೆಡುವುದೂ ಇಲ್ಲ. ರಾಮನಗರ, ಶಿಡ್ಲಘಟ್ಟದಂಥ ಗೂಡಿನ ಮಾರುಕಟ್ಟೆಯಿರುವ ಊರುಗಳಲ್ಲಿ ನೂಲು ಬಿಚ್ಚಿ ಉಳಿದ ರೇಷ್ಮೆ ಸುಲಭವಾಗಿ ಸಿಗುತ್ತದೆ. ಅದರಲ್ಲಿ ಅಂಟು ಇರುವುದರಿಂದ ಸೋಪು ಮತ್ತು ಚಿಟಿಕೆ ವಾಷಿಂಗ್ ಸೋಡ ಹಾಕಿದ ನೀರಲ್ಲಿ ಅರ್ಧ ಗಂಟೆ ಕುದಿಸಿ, ತೊಳೆದು, ಒಣಗಿಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಕುಡಿಕೆಗೆ ಹಾಕಿ. ಹತ್ತಿ ಆಗದು. ಎಳೆ ಬಿಟ್ಟು ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಮಸಿ

ದೀಪದ ಕಾಡಿಗೆಯದು: ಹರಳೆಣ್ಣೆ ಅಥವಾ ಎಳ್ಳೆಣ್ಣೆಯ ನಾಲ್ಕೈದು ಹಣತೆ ಹಚ್ಚಿ, ಜ್ವಾಲೆಯ ತುದಿ ತಾಗುವಂತೆ ಹಿತ್ತಾಳೆ ತಟ್ಟೆ ಕವುಚಿ. 10 ಗ್ರಾಂ ಜಾಲಿ ಗೋಂದನ್ನು 40 ಮಿಲಿಲೀಟರ್ ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಸೋಸಿ. 3 ಗ್ರಾಂ ಕಾಡಿಗೆಗೆ ಎರಡು ಹನಿ ಸ್ಪಿರಿಟ್ ಹಾಕಿ ಕಲಸಿ, ಇಲ್ಲದಿದ್ದರೆ ಎಣ್ಣೆಯಂಶದಿಂದ ಕಾಡಿಗೆ ನೀರಿನ ಮೇಲೆ ತೇಲುತ್ತದೆ. ಆಮೇಲೆ ಕಲ್ಬತ್ತಿನಲ್ಲಿ ಗೋಂದನ್ನು ಚಮಚ ಚಮಚವಾಗಿ ಸೇರಿಸುತ್ತಾ ಒಂದು ಗಂಟೆ ಅರೆಯಿರಿ. ಅರೆದದ್ದು ಕಡಿಮೆಯಾದರೆ ಮರುದಿನ ಕಪ್ಪು ತಳಕ್ಕೆ ಕೂತು ಮೇಲೆ ಬೂದು ನೀರು ನಿಂತಿರುತ್ತದೆ. ನೀರು ಸೇರಿಸಿ ಒಟ್ಟು 60 ಮಿಲಿಲೀಟರಿಗೆ ತನ್ನಿ. ಬೂಸು ಹಿಡಿಯದಂತೆ ಎರಡು ಲವಂಗ. ಈ ಕಪ್ಪು ಬಿಸಿಲಿಗೆ ಮಾಸುವುದಿಲ್ಲ, ಆದರೆ ನೀರು ಬಿದ್ದರೆ ಕದಡುತ್ತದೆ.

ಅಳಲೆಕಾಯಿಯದು: ಗ್ರಂಥಿಗೆ ಅಂಗಡಿಯಲ್ಲಿ ಅಳಲೆಕಾಯಿ, ಅನ್ನಭೇದಿ (ಕಬ್ಬಿಣದ ಸಲ್ಫೇಟ್ ಹರಳು) ಎರಡೂ ಸಿಗುತ್ತವೆ. 20 ಗ್ರಾಂ ಅಳಲೆಕಾಯಿ ಸಿಪ್ಪೆಯನ್ನು ಜಜ್ಜಿ 200 ಮಿಲಿಲೀಟರ್ ನೀರಲ್ಲಿ, ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿ, ಅರ್ಧಕ್ಕಿಳಿಯುವವರೆಗೆ ಕುದಿಸಿ ಸೋಸಿ. ಆರಿದ ಮೇಲೆ 4 ಗ್ರಾಂ ಅನ್ನಭೇದಿ, 5 ಗ್ರಾಂ ಗೋಂದು. ಅನ್ನಭೇದಿ ಹಸಿರು ಹರಳಾಗಿರಬೇಕು. ಹಳದಿ ಪುಡಿಯಾಗಿದ್ದರೆ ಗಾಳಿ ತಾಗಿ ಕೆಟ್ಟದ್ದು. ಬರೆದಾಗ ಮಾಸಲು ಬೂದು, ಗಾಳಿ ತಾಗುತ್ತಾ ಕಪ್ಪಾಗಿ ಕಾಗದದ ನಾರಿಗೇ ಕಚ್ಚಿಕೊಳ್ಳುತ್ತದೆ. ಕಪ್ಪು ಜಾಸ್ತಿ ಬರಲಿ ಎಂದು ಅನ್ನಭೇದಿ ಹೆಚ್ಚಿಸುವವರು ಬಹಳ. ಹಾಗೆ ಮಾಡಲೇಬೇಡಿ. ಮಿಕ್ಕ ಕಬ್ಬಿಣದಂಶ ಮತ್ತು ಆಮ್ಲ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ, ಅಕ್ಷರದ ಆಕಾರಕ್ಕೆ ತೂತು ಬೀಳುತ್ತದೆ. ಬಿದಿರಿಗೆ ಈ ಮಸಿಯಿಂದ ತೊಂದರೆಯಿಲ್ಲ, ಉಕ್ಕಿನ ನಿಬ್ಬಿಗೆ ತುಕ್ಕು. ಎರಡು ಮಸಿಯಲ್ಲಿ ಯಾವುದನ್ನೂ ಫೌಂಟನ್ ಪೆನ್ನಿಗೆ ತುಂಬಬೇಡಿ.

ಕಾಗದ ಮಸಿ ಹೀರಿ ಹರಡಿಸುತ್ತಿದ್ದರೆ ಗಂಜಿ ಕೊಡಿ. 200 ಮಿಲಿಲೀಟರ್ ನೀರಿಗೆ ಒಂದು ಚಮಚ ಅಕ್ಕಿಹಿಟ್ಟು, ಚಿಟಿಕೆ ಪಟಿಕ, ತೆಳ್ಳಗೆ ಬೇಯಿಸಿ ಬಟ್ಟೆಯಿಂದ ಸವರಿ ಒಣಗಿಸಿ, ಕವಡೆಯ ಬೆನ್ನಿನಿಂದ ಉಜ್ಜಿ ಹೊಳಪು ಬರಿಸಿ.

ಬೇರೆ ಕಡ್ಡಿಗಳು

ತೆಂಗಿನ ಗರಿಯ ಕಡ್ಡಿಗೆ ಪೊಳ್ಳಿಲ್ಲ, ಮಸಿ ನಿಲ್ಲುವುದಿಲ್ಲ. ಚಿತ್ರದ ಸಣ್ಣ ಗೆರೆಗೆ ಸಾಕು. ಜೋಳದ ದಂಟಿನ ಸಿಪ್ಪೆ ಮಕ್ಕಳ ಒಂದು ಮಧ್ಯಾಹ್ನಕ್ಕೆ ಆಗುತ್ತದೆ. ಕೋಳಿ ಗರಿ ಬಲು ತೆಳು, ಹೆಬ್ಬಾತಿನ ಅಥವಾ ಟರ್ಕಿ ಕೋಳಿಯ ರೆಕ್ಕೆಯ ದೊಡ್ಡ ಗರಿಯಾದರೆ ಬಿಸಿ ಮರಳಿನ ಹದ ಕೊಟ್ಟು ಕೆತ್ತಬಹುದು.

ಆರೈಕೆ

ಬರೆದಾದ ತಕ್ಷಣ ನೀರಲ್ಲಿ ಆಡಿಸಿ, ಒರೆಸಿ, ಮೊನೆ ಮೇಲಾಗಿ ನಿಲ್ಲಿಸಿ. ಗೋಂದು ಒಣಗಿ ಸೀಳು ಮುಚ್ಚಿಕೊಂಡರೆ ಚಾಕು ತೂರಿಸಬೇಡಿ, ಹತ್ತು ನಿಮಿಷ ನೀರಲ್ಲಿ ನೆನೆದರೆ ತಾನೇ ಬಿಡುತ್ತದೆ. ಗೆರೆ ದಪ್ಪಗಾಗತೊಡಗಿದಾಗ ಚಕ್ಕೆ ಬಿಚ್ಚಿ, ಒಳಗಿನಿಂದ ಹೆರೆದು, ತುದಿಯ ಅರ್ಧ ಮಿಲಿಮೀಟರ್ ಕತ್ತರಿಸಿ. ನಮ್ಮ ಬಳಕೆಯಲ್ಲಿ ಲಾಳಕ್ಕೆ ಇದು ಮೂರ್ನಾಲ್ಕು ಪುಟಕ್ಕೊಮ್ಮೆ, ವಾಟೆಗೆ ಹತ್ತು ಹನ್ನೆರಡು ಪುಟಕ್ಕೊಮ್ಮೆ ಬಂತು. ಕತ್ತರಿಸುತ್ತಾ ಸೀಳು 5 ಮಿಲಿಮೀಟರಿಗೆ ಇಳಿದಾಗ ತೂತು ಹಿಂದಕ್ಕೆ ಹೊಸದಾಗಿ ಸುಡಬೇಕು, ಹೆಗಲೂ ಹಿಂದಕ್ಕೆ ಸರಿಯಬೇಕು. ಕಡ್ಡಿ 10 ಸೆಂಟಿಮೀಟರಿಗೆ ಗಿಡ್ಡವಾದರೆ ಸ್ವಲ್ಪ ದೊಡ್ಡ ಅಡ್ಡಳತೆಯ ಇನ್ನೊಂದು ವಾಟೆ ತುಂಡಿನ ಬಾಯಿಗೆ ದಾರ ಸುತ್ತಿ ತೂರಿಸಿ, ಹಿಡಿಕೆ ಮತ್ತೆ ಉದ್ದವಾಗುತ್ತದೆ.